ಬೆಳಕಿನ ಚಿಪ್ ಬಂದರೆ ಈಗಿನ ಫೋನ್ ಗುಜರಿಗೆ ಹೋಗುತ್ತದೆಯೇ?

‘ಇನ್ನು ಚಿಪ್‌ಗೆ ವಿದ್ಯುತ್ ಬೇಡ, ಬೆಳಕೇ ಸಾಕು’ ಎಂಬ ಫಾರ್ವರ್ಡ್ ನಿಮಗೂ ಬಂದರೆ ನಂಬಬೇಕೇ? ಇದು ಅರ್ಧ ಸತ್ಯ.

ಚಿಪ್‌ನಲ್ಲಿ ಲೆಕ್ಕ ಮಾಡುವುದು ವಿದ್ಯುತ್ತಿನಿಂದ ನಡೆಯುವ ಟ್ರಾನ್ಸಿಸ್ಟರ್‌ಗಳು. ಬೆಳಕಿಗೆ ಮುಖ್ಯವಾಗಿ ವಹಿಸುವುದು ಮಾಹಿತಿ ಸಾಗಿಸುವ ಕೆಲಸ. ತಾಮ್ರದ ತಂತಿಯಲ್ಲಿ ವೇಗ, ದೂರ ಹೆಚ್ಚಿದಂತೆ ಸಂಕೇತ ಕುಂದುತ್ತದೆ, ವಿದ್ಯುತ್ ಬಿಸಿಯಾಗಿ ಪೋಲಾಗುತ್ತದೆ. ಬೆಳಕಿಗೆ ಈ ತೊಂದರೆ ಬಹಳ ಕಡಿಮೆ.

ಹಾಗಾದರೆ ಎಲ್ಲ ಕೆಲಸವನ್ನೂ ಬೆಳಕಿಗೇ ಏಕೆ ಕೊಡಬಾರದು? ಎರಡು ಅಡ್ಡಿಗಳಿವೆ. ಸಿಲಿಕಾನ್ ತಾನಾಗಿ ಸರಿಯಾಗಿ ಬೆಳಕು ಸೂಸುವುದಿಲ್ಲ. ಇಂಡಿಯಂ ಫಾಸ್ಫೈಡ್‌ನಂಥ ಬೇರೆ ವಸ್ತುವಿನ ಲೇಸರ್ ಬೇಕು. ಜೊತೆಗೆ, ಬೆಳಕು ಹರಿಯುವ ಭಾಗಗಳು ಟ್ರಾನ್ಸಿಸ್ಟರ್‌ಗಿಂತ ತುಂಬಾ ದೊಡ್ಡವು.

2015ರಲ್ಲಿ ಅಮೆರಿಕದ ಎಂಐಟಿ, ಬರ್ಕ್ಲಿ, ಕೊಲೊರಾಡೊ ಸಂಶೋಧಕರು ಒಂದೇ ಚಿಪ್‌ನಲ್ಲಿ 7 ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರ್‌ಗಳನ್ನೂ 850 ಬೆಳಕಿನ ಬಿಡಿಭಾಗಗಳನ್ನೂ ಕೂರಿಸಿದರು. ಲೆಕ್ಕ ವಿದ್ಯುತ್ತಿನದು, ಹೊರಗಿನೊಡನೆ ಮಾತುಕತೆ ಬೆಳಕಿನದು. ಲೇಸರ್ ಮಾತ್ರ ಚಿಪ್‌ನ ಹೊರಗಿತ್ತು.

ಇಂದು ಈ ತಂತ್ರಜ್ಞಾನ ಹೆಚ್ಚಾಗಿ ಬಳಕೆಯಲ್ಲಿರುವುದು ಡೇಟಾ ಸೆಂಟರ್‌ಗಳಲ್ಲಿ, ಸರ್ವರ್‌ಗಳ ನಡುವೆ. ಆ ಫಾರ್ವರ್ಡ್ ಕೂಡ ಬೆಳಕಿನ ದಾರಿಯಲ್ಲೇ ಬಂದಿರಬಹುದು!

ನಾವು ಹೇಳುವುದಿಷ್ಟೇ: ಬೆಳಕು ವಿದ್ಯುತ್ತಿನ ಜೊತೆಗಾರ, ಬದಲಿಯಲ್ಲ. ‘ಬೆಳಕಿನ ಚಿಪ್ ಫೋನ್’ ಎಂದು ಯಾರಾದರೂ ಮುಂಗಡ ಕೇಳಿದರೆ ಹಣ ಕೊಡಬೇಡಿ.