ಬೆಂಗಳೂರಿನಲ್ಲಿ ಹುಟ್ಟಿದ ಮಾರುತ್

ನಮ್ಮ ಶಾಲೆಯಿಂದ ಬೆಂಗಳೂರು ಪ್ರವಾಸಕ್ಕೆ ಹೋದವರೆಲ್ಲ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ನೋಡಿಯೇ ಇರುತ್ತಾರೆ. ಅಲ್ಲಿ ಇಟ್ಟಿರುವ ಚೂಪು ಮೂತಿಯ ಯುದ್ಧವಿಮಾನ ಯಾರು ಮಾಡಿದ್ದೆಂದು ಕೇಳಿದರೆ, "ರಷ್ಯಾದ್ದಿರಬೇಕು ಸಾರ್" ಎನ್ನುವ ಮಕ್ಕಳೇ ಹೆಚ್ಚು. ಅದು ರಷ್ಯಾದ್ದಲ್ಲ. ಬೆಂಗಳೂರಿನಲ್ಲೇ ವಿನ್ಯಾಸಗೊಂಡು, ಬೆಂಗಳೂರಿನಲ್ಲೇ ತಯಾರಾದ ಎಚ್‌ಎಫ್-24 ಮಾರುತ್. ಭಾರತ ತಾನೇ ರೂಪಿಸಿದ ಮೊದಲ ಜೆಟ್ ಯುದ್ಧವಿಮಾನ. ಅದರ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗದ ಕಾರಣ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಕಥೆಯ ಬೇರು ಹಳೆಯ ಮೈಸೂರು ಸಂಸ್ಥಾನದಲ್ಲಿದೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹಿರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಇಂದು ನಾವು ಎಚ್‌ಎಎಲ್ ಎನ್ನುವುದು ಇದನ್ನೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ನಡೆದದ್ದು ಹೆಚ್ಚಾಗಿ ವಿಮಾನಗಳ ರಿಪೇರಿ. ಸ್ವಾತಂತ್ರ್ಯಾನಂತರ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ ತಯಾರಾಗಿ 1951ರಲ್ಲಿ ಹಾರಿತು. ಅದಾಗಿ ಹತ್ತು ವರ್ಷ ತುಂಬುವ ಮೊದಲೇ ಶಬ್ದಾತೀತ ಯುದ್ಧವಿಮಾನಕ್ಕೆ ಕೈಹಾಕಿದ್ದು ಸಣ್ಣ ಧೈರ್ಯವಲ್ಲ.

ಈ ಕೆಲಸಕ್ಕಾಗಿ ಭಾರತ ಸರ್ಕಾರ ಕರೆಸಿದ್ದು ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನು. ಯುದ್ಧಕಾಲದಲ್ಲಿ ಹೆಸರಾದ ಫೋಕೆ-ವುಲ್ಫ್ 190 ವಿಮಾನ ಅವರ ವಿನ್ಯಾಸ. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾದಲ್ಲಿ ದುಡಿದು, 1956ರಲ್ಲಿ ಬೆಂಗಳೂರಿಗೆ ಬಂದರು. ಸಂಗಡ ಕೆಲವು ಜರ್ಮನ್ ಎಂಜಿನಿಯರುಗಳೂ ಇದ್ದರು. ಅವರ ಪಕ್ಕದಲ್ಲಿ ಕುಳಿತು ಕೆಲಸ ಕಲಿತವರು ನಮ್ಮ ದೇಶದ ಯುವ ಎಂಜಿನಿಯರುಗಳು ಮತ್ತು ಕುಶಲಕರ್ಮಿಗಳು.

ಅವರು ಮೊದಲು ಕಟ್ಟಿದ್ದು ಲೋಹದ ವಿಮಾನವನ್ನಲ್ಲ, ಮರದ ವಿಮಾನವನ್ನು! ನಿಜವಾದ ಗಾತ್ರದಲ್ಲೇ ಎಂಜಿನ್ ಇಲ್ಲದ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾ ವಿಮಾನದಿಂದ ಅದನ್ನು ಎಳೆದೊಯ್ದು ಆಕಾಶದಲ್ಲಿ ಬಿಟ್ಟು, ರೆಕ್ಕೆ ಬಾಲಗಳ ಗುಣವನ್ನು ಪರೀಕ್ಷಿಸಿದರು. ಅದಾದ ಎರಡು ವರ್ಷಕ್ಕೆ, 1961ರ ಜೂನ್ 17ರಂದು, ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಮೊದಲ ಮಾರುತ್ ವಿಮಾನವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು.

ವಿಮಾನವನ್ನು ಹತ್ತಿರದಿಂದ ಕಂಡವರಿಗೆ ಅದರ ಅಂದ ಮರೆಯುವಂಥದ್ದಲ್ಲ. ಹಿಂದಕ್ಕೆ ಬಾಗಿದ ತೆಳು ರೆಕ್ಕೆಗಳು, ನೀಳವಾದ ಮೈ, ಹಿಂಬದಿಯಲ್ಲಿ ಅಕ್ಕಪಕ್ಕ ಕೂಡಿಸಿದ ಎರಡು ಎಂಜಿನ್‌ಗಳು. ಗಾಳಿ ಒಳಗೆ ಹೋಗುವ ಬಾಯಿಗಳಲ್ಲಿ ಅರ್ಧ ಶಂಕುವಿನಂಥ ಭಾಗಗಳಿವೆ. ಅವು ಅಲಂಕಾರಕ್ಕಲ್ಲ. ಶಬ್ದಕ್ಕಿಂತ ವೇಗವಾಗಿ ನುಗ್ಗುವ ಗಾಳಿಯನ್ನು ಜೆಟ್ ಎಂಜಿನ್ ಹಾಗೆಯೇ ನುಂಗಲಾರದು. ಮೊದಲು ಅದರ ವೇಗವನ್ನು ತಗ್ಗಿಸಬೇಕು. ಆ ಕೆಲಸ ಈ ಶಂಕುಗಳದ್ದು. ಅಂದರೆ ಶಬ್ದದ ಎರಡು ಪಟ್ಟು ವೇಗದ ಗುರಿಯಿಟ್ಟುಕೊಂಡು ರೂಪಿಸಿದ ದೇಹ ಅದು. 1950ರ ದಶಕದಲ್ಲಿ ಇಂಥ ವಿಮಾನ ರೂಪಿಸಬಲ್ಲ ದೇಶಗಳು ಬೆರಳೆಣಿಕೆಯಷ್ಟೇ ಇದ್ದವು.

ಆದರೆ ದೇಹಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ಟ್ಯಾಂಕ್ ನಂಬಿಕೊಂಡಿದ್ದದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿ ಅಭಿವೃದ್ಧಿಪಡಿಸುತ್ತಿದ್ದ ಆರ್ಫಿಯಸ್-12 ಎಂಜಿನ್ನನ್ನು. ಹಿಂಭಾಗದಲ್ಲಿ ಮತ್ತಷ್ಟು ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಅದಕ್ಕಿತ್ತು. ಒಂದೊಂದರ ನೂಕುಬಲ ಸುಮಾರು 3700 ಕಿಲೋಗ್ರಾಂ. ಬೇರೆ ಗಿರಾಕಿಗಳಿಲ್ಲದೆ ಆ ಯೋಜನೆ ಅಲ್ಲಿ ನಿಂತಿತು. ಅದನ್ನು ಮುಂದುವರಿಸುವ ಖರ್ಚನ್ನು ಹೊರಲು ನಮ್ಮ ಸರ್ಕಾರ ಒಪ್ಪಲಿಲ್ಲ. ಕೊನೆಗೆ ಸುಮಾರು 2200 ಕಿಲೋಗ್ರಾಂ ನೂಕುಬಲದ ಆರ್ಫಿಯಸ್-703 ಎಂಜಿನ್‌ಗಳನ್ನೇ ಜೋಡಿಸಬೇಕಾಯಿತು. ದೊಡ್ಡ ಗಾಡಿಗೆ ಎಳೆಗರುಗಳನ್ನು ಹೂಡಿದ ಹಾಗಾಯಿತು. ಮಾರುತ್ ವೇಗ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. ಈಜಿಪ್ಟ್ ದೇಶ ತಯಾರಿಸುತ್ತಿದ್ದ ಎಂಜಿನ್ನನ್ನು ಒಂದು ಮಾರುತ್‌ಗೆ ಕೂರಿಸಿ ಅಲ್ಲಿಯೇ ಪರೀಕ್ಷಿಸಿದರೂ ಆ ಯೋಜನೆಯೂ ಕೈಗೂಡಲಿಲ್ಲ.

ಇದ್ದ ಎಂಜಿನ್ನಿಗೇ ಆಫ್ಟರ್‌ಬರ್ನರ್ ಅಳವಡಿಸುವ ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. 1970ರ ಜನವರಿ 10ರಂದು ಅಂಥ ವಿಮಾನವನ್ನು ಹಾರಿಸುವಾಗ ಅದು ಅಪಘಾತಕ್ಕೀಡಾಗಿ ಸುರಂಜನ್ ದಾಸ್ ತೀರಿಕೊಂಡರು. ಅದೇ ವರ್ಷ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮಭೂಷಣ ನೀಡಿತು. ಬೆಂಗಳೂರಿನ ಎಚ್‌ಎಎಲ್ ಬಳಿಯ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಆ ಹೆಸರಿನ ಹಿಂದಿನ ಮನುಷ್ಯ ಯಾರೆಂದು ನಮ್ಮ ಮಕ್ಕಳಿಗಾದರೂ ತಿಳಿದಿರಲಿ.

ಹಾಗೆಂದು ಮಾರುತ್ ಕೆಲಸಕ್ಕೆ ಬಾರದ ವಿಮಾನವಾಗಿರಲಿಲ್ಲ. 1967ರಲ್ಲಿ ವಾಯುಪಡೆಯ 10ನೇ ಸ್ಕ್ವಾಡ್ರನ್ ಸೇರಿತು. 1971ರ ಯುದ್ಧದಲ್ಲಿ ರಾಜಸ್ಥಾನದ ನೆಲೆಗಳಿಂದ ಹಾರಿ ಶತ್ರುಗಳ ಟ್ಯಾಂಕು, ರೈಲು, ನೆಲೆಗಳ ಮೇಲೆ ದಾಳಿ ಮಾಡಿತು. ನೆಲದಿಂದ ಬಂದ ಗುಂಡಿಗೆ ಕೆಲವು ವಿಮಾನಗಳು ಬಲಿಯಾದವು. ಆಕಾಶದ ಕಾಳಗದಲ್ಲಿ ಮಾತ್ರ ಒಂದೂ ಬೀಳಲಿಲ್ಲ. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಲ್ಲಿ ನೆಲೆಗೆ ಮರಳಿದ ಮಾರುತ್‌ಗಳಿವೆ. ತರಬೇತಿ ಮಾದರಿಯೂ ಸೇರಿ ಒಟ್ಟು 147 ವಿಮಾನಗಳು ತಯಾರಾದವು. 1990ರ ಹೊತ್ತಿಗೆ ಎಲ್ಲವೂ ಸೇವೆಯಿಂದ ನಿವೃತ್ತವಾದವು. ಇಂದು ಉಳಿದಿರುವ ಕೆಲವೇ ಮಾರುತ್‌ಗಳಲ್ಲಿ ಒಂದು ಜರ್ಮನಿಯ ಮ್ಯೂನಿಕ್ ಬಳಿಯ ವಸ್ತುಸಂಗ್ರಹಾಲಯದಲ್ಲಿದೆ.

ಮಾರುತ್ ಸೋತ ಯೋಜನೆ ಎಂದು ಬರೆದವರುಂಟು. ಗುರಿಯಿಟ್ಟ ವೇಗವನ್ನು ಅದು ಮುಟ್ಟಲಿಲ್ಲ ಎಂಬುದು ದಿಟ. ನನಗೆ ಕಾಣುವುದೇ ಬೇರೆ. ವಿಮಾನದ ದೇಹ ರೂಪಿಸಲು ನಾವು ಕಲಿತೆವು, ಅದರ ಎಂಜಿನ್ ಮಾಡಲು ಕಲಿಯಲಿಲ್ಲ. ಕಲಿಯಲು ಬೇಕಾದ ಹಣ, ತಾಳ್ಮೆ ಎರಡನ್ನೂ ಆಗ ಒದಗಿಸಲಿಲ್ಲ. ನಲವತ್ತು ವರ್ಷದ ನಂತರ, 2001ರ ಜನವರಿ 4ರಂದು, ಅದೇ ಬೆಂಗಳೂರಿನಿಂದ ತೇಜಸ್ ಮೊದಲ ಬಾರಿ ಹಾರಿತು. ಅದರ ಒಡಲಲ್ಲಿದ್ದುದೂ ಅಮೆರಿಕದ ಎಂಜಿನ್.

ನಮ್ಮ ಶಾಲೆಯಲ್ಲಿ ಕಲಿತು ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದಿದವರು ನೂರಾರು ಮಂದಿ. ಈಗ ಎಂಟು, ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಕುಳಿತಿರುವ ಮಕ್ಕಳಿಗೆ ನಾನು ಹೇಳುವುದಿಷ್ಟೇ: ಮಾರುತ್‌ಗೆ 1961ರಲ್ಲಿ ಬೇಕಾಗಿದ್ದ ಎಂಜಿನ್ನಿನ ಕೆಲಸ ಇನ್ನೂ ಬಾಕಿಯಿದೆ.