ಅಳತೆ ಮೀರಿ ಬೆಳೆಯುವ ಮಗುವಿಗೆ ಯಾವ ಡಾಕ್ಟರು?

ಇಚಿಲಂಪಾಡಿಯಲ್ಲಿ ಮಗುವಿಗೆ ಜ್ವರ ಬಂದರೆ ನೆಲ್ಯಾಡಿ ಅಥವಾ ಕಡಬ ಸಾಕು. ಕೈ ಮುರಿದರೆ ಪುತ್ತೂರು, ಅದಕ್ಕೂ ಮೇಲಿನದಾದರೆ ಮಂಗಳೂರು. ಗುಂಡ್ಯ ಹೊಳೆಯ ಆಸುಪಾಸಿನಲ್ಲಿ ಅಡಿಕೆ, ರಬ್ಬರು ನಂಬಿ ಬದುಕುವ ಇಲ್ಲಿನವರಿಗೆ ಯಾವ ಕಾಯಿಲೆಗೆ ಯಾವ ಬಸ್ಸು ಹತ್ತಬೇಕೆಂಬುದು ಬಾಯಿಪಾಠ. ಆ ಪಾಠದೊಳಗೆ ಸೇರದ ಮಕ್ಕಳು ಕೆಲವರಿದ್ದಾರೆ. ಹುಟ್ಟುವಾಗಲೇ ನಾಲ್ಕೂವರೆ ಕಿಲೋ ದಾಟಿ ನಾಲಿಗೆ ಬಾಯಿಯೊಳಗೆ ಹಿಡಿಯದವರು. ಮೂರು ವರ್ಷಕ್ಕೇ ಐದು ವರ್ಷದವರ ಎತ್ತರವಾಗಿ, ಮಾತು ಮಾತ್ರ ತಡವಾದವರು. ಒಂದು ಕಾಲು ಇನ್ನೊಂದಕ್ಕಿಂತ ದಪ್ಪಗೆ, ಉದ್ದಕ್ಕೆ ಬೆಳೆಯುತ್ತಿರುವವರು. ವೈದ್ಯಶಾಸ್ತ್ರ ಇವರ ಕಾಯಿಲೆಗಳನ್ನೆಲ್ಲ ಜೀನ್ ದೋಷದಿಂದಾಗುವ ಅತಿಬೆಳವಣಿಗೆ ಎಂಬ ಒಂದೇ ಗುಂಪಿಗೆ ಸೇರಿಸುತ್ತದೆ. ಈ ಮಕ್ಕಳನ್ನು ಯಾರಿಗೆ ತೋರಿಸಬೇಕು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಉತ್ತರ ಸಿಗಲು ಸುಮಾರು ಅರ್ಧ ಶತಮಾನ ಹಿಡಿಯಿತು. ಸಿಕ್ಕಿದ ಉತ್ತರವೂ ಪೂರ್ತಿಯಾದದ್ದಲ್ಲ.

ಶುರುವಿನಲ್ಲಿ ಮನೆಯವರಿಗೆ ಆತಂಕವೇ ಇರುವುದಿಲ್ಲ. ದೊಡ್ಡ ಮಗು ಎಂದರೆ ಪುಷ್ಟಿ ಮಗು, ನೋಡಲು ಬಂದವರು ದೃಷ್ಟಿ ತೆಗೆಯಿರಿ ಎಂದು ಹೇಳಿ ಹೋಗುತ್ತಾರೆ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮಗು ದಪ್ಪವಾಗುವುದು ಡಾಕ್ಟರರಿಗೂ ಮಾಮೂಲು, ಹಾಗಾಗಿ ಅವರೂ ಅಷ್ಟಕ್ಕೇ ಬಿಡುತ್ತಾರೆ. ಅಪಾಯ ಇರುವುದು ಅಲ್ಲೇ. ಬೆಕ್‌ವಿತ್-ವೀಡೆಮನ್ ಸಿಂಡ್ರೋಮ್ ಎಂಬ ಅತಿಬೆಳವಣಿಗೆಯ ಕಾಯಿಲೆ ಇರುವ ಹಲವು ಮಕ್ಕಳಿಗೆ ಹುಟ್ಟಿದ ಮೊದಲ ದಿನಗಳಲ್ಲೇ ರಕ್ತದ ಸಕ್ಕರೆ ಕುಸಿಯುತ್ತದೆ. ಅದನ್ನು ಹಿಡಿಯದೆ ಹೋದರೆ ಮಿದುಳಿಗೆ ಪೆಟ್ಟು.

ಈ ಕಾಯಿಲೆಗಳನ್ನು ಮೊದಲು ಗುರುತಿಸಿದ್ದು ಬರಿಯ ಕಣ್ಣಿನಿಂದ. ಚರ್ಮದ ಮೇಲೆ ಕೆಂಪು ಮಚ್ಚೆ, ಉಬ್ಬಿದ ರಕ್ತನಾಳ, ದಪ್ಪಗಾದ ಕಾಲು ಮೂರೂ ಒಟ್ಟಿಗೆ ಬರುವುದನ್ನು ಫ್ರಾನ್ಸಿನ ಕ್ಲಿಪೆಲ್ ಮತ್ತು ಟ್ರೆನೋನೆ 1900ರಲ್ಲಿ ಬರೆದಿಟ್ಟರು. ಅಮೆರಿಕದ ಬ್ರೂಸ್ ಬೆಕ್‌ವಿತ್ 1963ರಲ್ಲಿ, ಜರ್ಮನಿಯ ಹಾನ್ಸ್-ರುಡಾಲ್ಫ್ ವೀಡೆಮನ್ 1964ರಲ್ಲಿ ದೊಡ್ಡ ನಾಲಿಗೆ, ಹೊಕ್ಕುಳ ದೋಷ, ಮೀರಿದ ತೂಕ ಇದ್ದ ಶಿಶುಗಳನ್ನು ಒಬ್ಬರಿಗೊಬ್ಬರು ತಿಳಿಯದೆ ವಿವರಿಸಿದರು. ಕಿವಿಯ ಹಾಲೆಯ ಮೇಲಿನ ಸಣ್ಣ ಗೆರೆಯನ್ನು ನೋಡಿ ಈ ಕಾಯಿಲೆಯನ್ನು ಸಂಶಯಿಸುವ ಮಕ್ಕಳ ಡಾಕ್ಟರರು ಇಂದಿಗೂ ಇದ್ದಾರೆ. ಆ 1964ರಲ್ಲೇ ಹುವಾನ್ ಸೋಟೋಸ್ ಎಂಬ ವೈದ್ಯರು ಬೇಗ ಬೆಳೆಯುವ, ತಲೆ ದೊಡ್ಡದಿರುವ ಐದು ಮಕ್ಕಳ ಬಗ್ಗೆ ಬರೆದರು. ಅಂಗಾಂಗಗಳು ಅಡ್ಡಾದಿಡ್ಡಿ ಬೆಳೆಯುವ ಕಾಯಿಲೆಯೊಂದಕ್ಕೆ ವೀಡೆಮನ್ 1983ರಲ್ಲಿ ರೂಪ ಬದಲಿಸುವ ಗ್ರೀಕ್ ಸಮುದ್ರದೇವತೆ ಪ್ರೋಟಿಯಸ್‌ನ ಹೆಸರಿಟ್ಟರು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ 'ಆನೆ ಮನುಷ್ಯ' ಎಂದು ಪ್ರದರ್ಶನಕ್ಕೆ ನಿಂತ ಜೋಸೆಫ್ ಮೆರಿಕ್‌ಗೆ ಇದ್ದದ್ದು ಬಹುಶಃ ಇದೇ ಎಂದು ವೈದ್ಯರು 1986ರಲ್ಲಿ ವಾದಿಸಿದರು. ಆತ ಸತ್ತು ಆಗಲೇ 96 ವರ್ಷ ಕಳೆದಿತ್ತು.

ಇದೇ ಹೊತ್ತಿನಲ್ಲಿ ನಮ್ಮಲ್ಲಿ ಏನು ನಡೆಯುತ್ತಿತ್ತು? 1970ರ ದಶಕದ ನಡುವೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕೀಲು, ಸೊಂಟ ಕುಸಿದು ನಡೆಯಲಾಗದೆ ತೆವಳುವವರು, ಕುಳ್ಳಾಗಿಯೇ ಉಳಿದವರು ಹಲವು ಮನೆಗಳಲ್ಲಿ ಕಂಡುಬಂದರು. ಹೆಚ್ಚಿನವು ದಲಿತ ಕುಟುಂಬಗಳು. ಗದ್ದೆಗೆ ಹೊಡೆದ ಕೀಟನಾಶಕ ಏಡಿ, ಮೀನಿನ ಮೂಲಕ ಹೊಟ್ಟೆ ಸೇರಿ ಹೀಗಾಯಿತು ಎಂಬ ಅನುಮಾನವೇ ಮೊದಲು ಬಲವಾದದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಂಡ ಕಟ್ಟಿತು. ಕೊನೆಗೆ ಲಖನೌ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಎಸ್. ಎಸ್. ಅಗರವಾಲ್ ಮತ್ತು ಅವರ ಜೊತೆಗಾರರು ಎಕ್ಸ್‌ರೇ, ವಂಶವೃಕ್ಷಗಳನ್ನು ಕೂಡಿಸಿ ನೋಡಿ, ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆ ಕಾಯಿಲೆ ಇದು ಎಂದು 1990ರ ದಶಕದಲ್ಲಿ ಪ್ರಕಟಿಸಿದರು. ನಮ್ಮ ರಾಜ್ಯದ ಮಲೆನಾಡಿನ ಜನರ ಕಾಯಿಲೆಗೆ ಹೆಸರು ಹೇಳಲು ಉತ್ತರಪ್ರದೇಶದ ತಂಡವೇ ಬೇಕಾಯಿತು. ಆ ಕಾಲದ ಕರ್ನಾಟಕದಲ್ಲಿ ಮೆಡಿಕಲ್ ಜೆನೆಟಿಕ್ಸ್ ಎಂಬ ವಿಭಾಗಕ್ಕೆ ಇದ್ದ ಜಾಗ ಅಷ್ಟೇ.

ಜೀನ್ ಬಗೆಗಿನ ಕೆಲಸವೇ ಇರಲಿಲ್ಲವೆಂದು ಇದರರ್ಥವಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮೊದಲಾದವರು ನವಜಾತ ಶಿಶುಗಳ ರಕ್ತ ಪರೀಕ್ಷಿಸಿ, ಅಮೈನೋ ಆಮ್ಲ ಸಂಬಂಧದ ಹುಟ್ಟುಕಾಯಿಲೆಗಳನ್ನು ಹುಡುಕುವ ದೊಡ್ಡ ಯೋಜನೆ ನಡೆಸಿದರು. ತಪಾಸಣೆಗೊಳಗಾದ ಶಿಶುಗಳು ಲಕ್ಷದ ಹತ್ತಿರ. ಜೊತೆಗೆ ಅಲನ್ ಬಿಟಲ್ಸ್ ಮಾಡಿದ ಲೆಕ್ಕದಲ್ಲಿ ಆ ಕುಟುಂಬಗಳ ಮದುವೆಗಳಲ್ಲಿ ಸುಮಾರು ಮೂರರಲ್ಲೊಂದು ಸಂಬಂಧದೊಳಗಿನದು ಎಂದು ಕಂಡಿತು. ಸೋದರಮಾವ, ಅತ್ತೆಮಗಳು ಎಂಬ ಕೊಡುಕೊಳ್ಳುವಿಕೆ ತೆಂಕಣದಲ್ಲಿ ಹೊಸತೇನಲ್ಲ. ಆದರೆ ಆ ಲೆಕ್ಕ ಇಲ್ಲಿನ ಜೆನೆಟಿಕ್ಸ್‌ಗೆ ಒಂದು ದಿಕ್ಕು ಕೊಟ್ಟುಬಿಟ್ಟಿತು. ತಂದೆ ತಾಯಿ ಇಬ್ಬರೂ ಒಂದೊಂದು ದೋಷದ ಪ್ರತಿ ಹೊತ್ತಿದ್ದಾಗ ಮಗುವಿಗೆ ಬರುವ ಕಾಯಿಲೆಗಳಲ್ಲಿ ನಮ್ಮವರ ಕೈ ಪಳಗಿತು. ಅತಿಬೆಳವಣಿಗೆಯ ಹೆಚ್ಚಿನ ಕಾಯಿಲೆಗಳು ಈ ಜಾತಿಯವಲ್ಲ. ಅವು ಮನೆತನದಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ, ಆ ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತವೆ.

ಜೆನೆಟಿಕ್ಸ್ ಕ್ಲಿನಿಕ್ಕಿಗೆ ಹೋದವರಿಗೆ ಈ ವ್ಯತ್ಯಾಸ ಮೊದಲ ಹತ್ತು ನಿಮಿಷದಲ್ಲೇ ಅನುಭವಕ್ಕೆ ಬರುತ್ತದೆ. ಡಾಕ್ಟರರು ಹಾಳೆ ಎಳೆದುಕೊಂಡು ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತಾ ಹೋಗುತ್ತಾರೆ. ಗಂಡ ಹೆಂಡತಿಯ ನಡುವೆ ಒಂದು ಗೆರೆ, ಸಂಬಂಧದೊಳಗಿನ ಮದುವೆಯಾದರೆ ಎರಡು ಗೆರೆ. "ಸಂಬಂಧದೊಳಗೆಯಾ?" ಎಂದು ಕೇಳಿದ ಕೂಡಲೇ ಜೊತೆಗೆ ಬಂದ ಅಜ್ಜಿಯ ಮುಖ ಗಂಟಾಗುತ್ತದೆ. ತಪ್ಪು ಯಾರ ಕಡೆಯದು ಎಂದು ಹುಡುಕುತ್ತಿದ್ದಾರೆ ಎಂದೇ ಅವರ ತಿಳಿವು. ಸೋಟೋಸ್ ಅಥವಾ ಪ್ರೋಟಿಯಸ್ ಇರುವ ಮಗುವಾದರೆ ಆ ಹಾಳೆಯಲ್ಲಿ ಒಂದೇ ಒಂದು ಚೌಕಕ್ಕೆ ಮಸಿ ತುಂಬಿ ಸುತ್ತಲಿನದೆಲ್ಲ ಖಾಲಿ ಉಳಿಯುವುದು ಸಾಮಾನ್ಯ. ಇದರಲ್ಲಿ ಸೊಸೆಯ ತವರಿನ ಪಾಲು ಏನೂ ಇಲ್ಲ ಎಂದು ಡಾಕ್ಟರರು ಬಾಯಿಬಿಟ್ಟು ಹೇಳುವುದೂ ಚಿಕಿತ್ಸೆಯ ಭಾಗವೇ.

ನಮ್ಮ ಸೀಮೆಗೆ ಇನ್ನೊಂದು ತೊಡಕು ಇದೆ. ಇಚಿಲಂಪಾಡಿಯ ನೆರೆಯ ಕೊಕ್ಕಡ, ಪಟ್ರಮೆ, ನಿಡ್ಲೆ ಭಾಗದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗಡಿಯಾಚೆ ಕಾಸರಗೋಡಿನ ಪಡ್ರೆ ಊರಿನಲ್ಲಿ ಕರುಗಳು ಅಂಗವಿಕಲವಾಗಿ ಹುಟ್ಟುವುದನ್ನು ಮೊದಲು ಬರೆದವರು ಶ್ರೀ ಪಡ್ರೆ. ಪುತ್ತೂರಿನಿಂದ ಹೊರಡುವ 'ಅಡಿಕೆ ಪತ್ರಿಕೆ' ಕಟ್ಟಿದವರೂ ಅವರೇ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು. ಕೊಕ್ಕಡ, ಕೊಯಿಲಗಳಲ್ಲಿ ಸಂತ್ರಸ್ತರ ಪಾಲನಾ ಕೇಂದ್ರಗಳಾದವು, ಮಾಸಾಶನವೂ ಬಂತು. ಹೋರಾಡಿ ಪಡೆದದ್ದು ಅದು. ಅದರ ನೆರಳಿನಲ್ಲಿ ಆದ ಒಂದು ಸಂಗತಿಯನ್ನೂ ಹೇಳಲೇಬೇಕು: ಈ ಭಾಗದಲ್ಲಿ ಯಾವ ಮಗುವಿನ ಬೆಳವಣಿಗೆಯಲ್ಲಿ ಏರುಪೇರಾದರೂ ಮೊದಲು ಬಾಯಿಗೆ ಬರುವುದು ಎಂಡೋ. ಹಂದಿಗೋಡಿನಲ್ಲಿ ಆದದ್ದೂ ಇದೇ ಅಲ್ಲವೇ? ಅಲ್ಲಿ ಕೀಟನಾಶಕದ ಅನುಮಾನ ದಾಟಿ ಜೀನ್‌ವರೆಗೆ ಹೋಗಲು ಹದಿನೈದು ವರ್ಷಕ್ಕೂ ಮೇಲಾಯಿತು. ವಿಷ ಸುರಿದದ್ದು ನಿಜ, ಅದರ ಹೊಣೆ ಹೊರಬೇಕಾದವರು ಹೊರಲಿ. ಆದರೆ ಒಂದು ಕಾಲು ಮಾತ್ರ ದಪ್ಪವಾಗುತ್ತಿರುವ ಮಗುವಿನ ಕಡತದಲ್ಲಿ 'ಎಂಡೋ' ಎಂದು ಬರೆದು ಮುಚ್ಚಿದರೆ ಆ ಮಗುವಿಗೆ ಬೇಕಾದ ಪರೀಕ್ಷೆ ಎಂದೂ ಆಗುವುದಿಲ್ಲ.

ದಕ್ಷಿಣ ಕನ್ನಡ, ಉಡುಪಿಯವರಿಗೆ ಚಿತ್ರ ಬದಲಾದದ್ದು ಮಣಿಪಾಲದಿಂದ. ಲಖನೌದಲ್ಲಿ ತರಬೇತಿ ಪಡೆದ ಕೆ. ಎಂ. ಗಿರೀಶ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವನ್ನು ಬೆಳೆಸಿದರು. ಮೂಳೆಯ ಕಾಯಿಲೆಗಳು, ಗರ್ಭದಲ್ಲೇ ತೀರಿಕೊಂಡ ಶಿಶುಗಳ ಪರೀಕ್ಷೆ ಅಲ್ಲಿನ ವಿಶೇಷತೆ. ಹೊರಗೆ ಯಾರೂ ವಿವರಿಸಿರದ ಕಾಯಿಲೆಗಳಿಗೂ ಅಲ್ಲಿಂದ ಹೆಸರು ಬಿದ್ದಿದೆ. ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆಯ ಎಚ್. ಶರತ್‌ಚಂದ್ರ ಅವರ ಮುಂದಾಳತ್ವದಲ್ಲಿ, ರಾಜ್ಯ ಸರ್ಕಾರದ ನೆರವಿನಿಂದ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಬಂತು. ಅದರ ಮೀನಾಕ್ಷಿ ಭಟ್ ಮತ್ತು ತಂಡ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಕ್ಲಿನಿಕ್ ನಡೆಸಿದರು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಹೆಸರಿಸಿದ ಮೊದಲ ಎಂಟು ಉತ್ಕೃಷ್ಟತಾ ಕೇಂದ್ರಗಳಲ್ಲಿ ಕರ್ನಾಟಕದ್ದು ಇದೊಂದೇ.

ಆ ನೀತಿಯ ನೆರವಿನ ಮಿತಿ ಮೊದಲು 20 ಲಕ್ಷ ರೂಪಾಯಿ ಇತ್ತು, 2022ರಲ್ಲಿ 50 ಲಕ್ಷವಾಯಿತು. ಪಟ್ಟಿಯಲ್ಲಿ ಹೆಚ್ಚಿನವು ಕಿಣ್ವದ ಕೊರತೆಯ, ಚಯಾಪಚಯದ ಕಾಯಿಲೆಗಳು. ದುಬಾರಿ ಚುಚ್ಚುಮದ್ದು ಬೇಕಾದವರಿಗೆ ಅದು ಜೀವದಾನವೇ ಸರಿ. ಅತಿಬೆಳವಣಿಗೆಯ ಮಗುವಿಗೆ ಬೇಕಾದದ್ದು ಬೇರೆ: ಸರಿಯಾದ ಪರೀಕ್ಷೆ, ಆಮೇಲೆ ವರ್ಷಗಟ್ಟಲೆ ಬಿಡದ ಕಣ್ಗಾವಲು.

ಪರೀಕ್ಷೆಯಲ್ಲೇ ಅನೇಕರು ಎಡವುತ್ತಾರೆ. 2002ರಲ್ಲಿ ಜಪಾನಿನವರು ಸೋಟೋಸ್‌ಗೆ ಎನ್‌ಎಸ್‌ಡಿ1 ಎಂಬ ಜೀನ್ ಕಾರಣವೆಂದು ಕಂಡುಹಿಡಿದರು. ಅದು ರಕ್ತಪರೀಕ್ಷೆಯಲ್ಲೇ ಸಿಗುತ್ತದೆ. ಬೆಕ್‌ವಿತ್-ವೀಡೆಮನ್ ಹಾಗಲ್ಲ. 11ನೇ ಕ್ರೋಮೋಸೋಮಿನ ತುದಿಯಲ್ಲಿ, ಬೆಳೆಸುವ ಜೀನ್ ತಂದೆಯ ಪ್ರತಿಯಲ್ಲಷ್ಟೇ ಕೆಲಸ ಮಾಡಬೇಕು, ಬೆಳವಣಿಗೆಗೆ ಕಡಿವಾಣ ಹಾಕುವುದು ತಾಯಿಯ ಪ್ರತಿಯಲ್ಲಿ ಎಚ್ಚರವಿರಬೇಕು. ಈ ಏರ್ಪಾಡು ಕೆಟ್ಟಾಗ ಜೀನಿನ ಅಕ್ಷರ ಬಹುಮಟ್ಟಿಗೆ ಬದಲಾಗಿರುವುದಿಲ್ಲ, ಅದರ ಮೇಲಿನ ರಾಸಾಯನಿಕ ಗುರುತು ಬದಲಾಗಿರುತ್ತದೆ. ಅದಕ್ಕೆ ಮೀಥೈಲೇಶನ್ ಪರೀಕ್ಷೆಯೇ ಆಗಬೇಕು. ಹತ್ತಾರು ಸಾವಿರ ಕೊಟ್ಟು, ಜೀನಿನ ಅಕ್ಷರವನ್ನಷ್ಟೇ ಓದುವ ಎಕ್ಸೋಮ್ ಪರೀಕ್ಷೆ ಮಾಡಿಸಿದರೆ 'ಏನೂ ಸಿಗಲಿಲ್ಲ' ಎಂಬ ವರದಿ ಬರಬಹುದು. ಮಗುವಿಗೆ ಏನೂ ಇಲ್ಲವೆಂದು ಮನೆಯವರು ನೆಮ್ಮದಿಯಾಗುತ್ತಾರೆ. ಪ್ರೋಟಿಯಸ್ ಇನ್ನೂ ಬಿಕ್ಕಟ್ಟಿನದು. ಅಮೆರಿಕದಲ್ಲಿ ಲೆಸ್ಲಿ ಬೀಸೆಕರ್ ಅವರ ತಂಡ 2011ರಲ್ಲಿ ಅದರ ಮೂಲ ಎಕೆಟಿ1 ಜೀನಿನಲ್ಲಿದೆ ಎಂದು ತೋರಿಸಿತು. ಮರುವರ್ಷ ಅದೇ ಸರಣಿಯಲ್ಲಿ ಕೆಲಸ ಮಾಡುವ ಪಿಐಕೆ3ಸಿಎ ಜೀನ್ ಇನ್ನೂ ಹಲವು ಒಂಟಿ-ಅಂಗ ಅತಿಬೆಳವಣಿಗೆಗಳಿಗೆ ಕಾರಣವೆಂದು ಗೊತ್ತಾಯಿತು. ಈ ಬದಲಾವಣೆ ಗರ್ಭದಲ್ಲಿ ಒಂದು ಜೀವಕೋಶದಲ್ಲಿ ಆಗಿ, ಅದರ ಸಂತತಿಯಲ್ಲಿ ಮಾತ್ರ ಉಳಿಯುತ್ತದೆ. ರಕ್ತದಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗದು. ದಪ್ಪಗಾದ ಭಾಗದಿಂದಲೇ ಚರ್ಮದ ಚೂರು ತೆಗೆದು, ಅದನ್ನು ಬಹಳ ಆಳವಾಗಿ ಓದಬೇಕು. ಆದ್ದರಿಂದ ಲ್ಯಾಬಿಗೆ ರಕ್ತ ಕಳಿಸುವ ಮೊದಲು ಜೆನೆಟಿಸಿಸ್ಟ್ ಮಗುವನ್ನು ಕಣ್ಣಾರೆ ನೋಡಬೇಕು.

ಹಾಗೆಂದು ಜೆನೆಟಿಸಿಸ್ಟರೊಬ್ಬರೇ ಎಲ್ಲವನ್ನೂ ನೋಡಿಕೊಳ್ಳುವುದಿಲ್ಲ. ಸಕ್ಕರೆ ಕುಸಿತಕ್ಕೆ ಹಾರ್ಮೋನ್ ತಜ್ಞರು, ನಾಲಿಗೆ ಕಿರಿದು ಮಾಡಲು ಮಕ್ಕಳ ಸರ್ಜನ್, ಉಬ್ಬಿದ ರಕ್ತನಾಳಕ್ಕೆ ಇಂಟರ್‌ವೆನ್ಶನಲ್ ರೇಡಿಯಾಲಜಿಯವರು. ಕಾಲಿನ ವ್ಯತ್ಯಾಸಕ್ಕೆ ಮೂಳೆ ಡಾಕ್ಟರರು ಸಣ್ಣದಿರುವ ಕಡೆ ಚಪ್ಪಲಿಯ ಅಟ್ಟೆ ದಪ್ಪ ಮಾಡಿಸುತ್ತಾರೆ. ವ್ಯತ್ಯಾಸ ಹೆಚ್ಚಾದರೆ ಉದ್ದ ಕಾಲಿನ ಮೊಣಕಾಲ ಬಳಿ ಮೂಳೆ ಬೆಳೆಯುವ ಜಾಗವನ್ನು ತಡೆಯುವ ಸರ್ಜರಿ. ಅದು ಮಗು ಬೆಳೆಯುತ್ತಿರುವಾಗಲೇ ಆಗಬೇಕು, ಪಿಯುಸಿ ಮುಗಿಯಲಿ ಎಂದು ಕಾದರೆ ಕೈ ತಪ್ಪುತ್ತದೆ.

ನನ್ನ ಮಟ್ಟಿಗೆ ಈ ಮಕ್ಕಳಿಗೆ ಎಲ್ಲರಿಗಿಂತ ಮುಖ್ಯ ಡಾಕ್ಟರರು ಪುತ್ತೂರಿನ ಸ್ಕ್ಯಾನಿಂಗ್ ಕೋಣೆಯಲ್ಲಿರುವವರು. ಬೆಕ್‌ವಿತ್-ವೀಡೆಮನ್ ಇರುವವರಲ್ಲಿ ಕೆಲವರಿಗೆ ಮೂತ್ರಪಿಂಡದ ವಿಲ್ಮ್ಸ್ ಗೆಡ್ಡೆ, ಯಕೃತ್ತಿನ ಗೆಡ್ಡೆ ಬರಬಹುದು. ಅದಕ್ಕಾಗಿ ಏಳೆಂಟು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬೇಕು. ಬೇಗ ಸಿಕ್ಕಿದ ವಿಲ್ಮ್ಸ್ ಗೆಡ್ಡೆ ಬಹುಪಾಲು ಗುಣವಾಗುತ್ತದೆ. ಇಷ್ಟಕ್ಕಾಗಿ ಪ್ರತಿ ಸಲ ಮಣಿಪಾಲಕ್ಕೋ, ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೋ ಹೋಗುವ ಅಗತ್ಯವಿಲ್ಲ. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿ ಮುಚ್ಚಿದರೂ ಸ್ಕ್ಯಾನ್ ತಪ್ಪಬಾರದು. ದೂರದವರು ಹೆಸರು ಹೇಳಲಿ, ಏನು ನೋಡಬೇಕೆಂದು ಚೀಟಿ ಬರೆದುಕೊಡಲಿ, ಹತ್ತಿರದವರು ನೋಡುತ್ತಿರಲಿ. ಈ ಕೊಂಡಿ ಇನ್ನೂ ಗಟ್ಟಿಯಾಗಿಲ್ಲ. 2013ರಿಂದ ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಗುವಿನ ತೂಕ, ಎತ್ತರ ಬರೆದುಕೊಳ್ಳುತ್ತದೆ. ಅವರ ಕಣ್ಣು ಹೆಚ್ಚಾಗಿ ಕಡಿಮೆ ತೂಕದವರ ಮೇಲೆ. ಅಂಗನವಾಡಿಯ ಪಟದಲ್ಲಿ ಗೆರೆ ಮೇಲಕ್ಕೆ ಹಾರಿದರೆ ಗಾಬರಿಯಾಗುವವರು ಕಡಿಮೆ.

ಸೌಲಭ್ಯದ ವಿಷಯಕ್ಕೆ ಬಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಥಲಸ್ಸೀಮಿಯಾ, ಹಿಮೋಫಿಲಿಯಾ ಹೆಸರು ಹಿಡಿದು ಬಂದಿವೆ, ಸೋಟೋಸ್ ಇಲ್ಲ. ಆದರೂ ಚಲನೆಯ ತೊಂದರೆ, ಕಲಿಕೆಯ ತೊಂದರೆ ಎಂಬ ತಲೆಬರಹದಡಿ ಕಾರ್ಡು ಪಡೆಯಲು ಅಡ್ಡಿಯಿಲ್ಲ.

ಔಷಧದ ಮಾತು ಹೊಸದು. ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯ ವೈದ್ಯರು ಕ್ಯಾನ್ಸರಿಗೆಂದು ತಯಾರಾದ ಅಲ್ಪೆಲಿಸಿಬ್ ಅನ್ನು ಪಿಐಕೆ3ಸಿಎ ದೋಷವಿದ್ದ 19 ಮಂದಿಗೆ ಕೊಟ್ಟು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 2022ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕಿಡ್ನಿ ಕಸಿಯಾದವರು ನುಂಗುವ ಸಿರೋಲಿಮಸ್ ಇನ್ನೂ ಹಳೆಯದು, ನಮ್ಮಲ್ಲೇ ತಯಾರಾಗುತ್ತದೆ, ಕೆಲವರಲ್ಲಿ ಬೆಳವಣಿಗೆಯ ವೇಗ ತಗ್ಗಿಸುತ್ತದೆ. ಇವೆರಡರಲ್ಲಿ ಯಾವುದನ್ನು ಕೊಡಬೇಕಾದರೂ ದೋಷ ಯಾವ ಜೀನಿನಲ್ಲಿದೆ ಎಂದು ತಿಳಿದಿದ್ದರೆ ಒಳ್ಳೆಯದು. ಅಲ್ಪೆಲಿಸಿಬ್‌ಗಂತೂ ಅದೇ ಮೊದಲ ಮಾತು. ಹತ್ತು ವರ್ಷದ ಹಿಂದೆ ರಕ್ತ ಕೊಟ್ಟು 'ಏನೂ ಸಿಗಲಿಲ್ಲ' ಎಂಬ ವರದಿಯನ್ನು ಕಪಾಟಿನಲ್ಲಿಟ್ಟಿರುವ ಮನೆಗಳು ಈಗ ಅದನ್ನು ಹಿಡಿದುಕೊಂಡು ಮತ್ತೊಮ್ಮೆ ಜೆನೆಟಿಕ್ಸ್ ವಿಭಾಗಕ್ಕೆ ಹೋಗಬೇಕು. ಆಗಿನ ದತ್ತಾಂಶವನ್ನೇ ಹೊಸ ತಿಳಿವಳಿಕೆಯಿಂದ ಮರಳಿ ಓದಲು ಬರುತ್ತದೆ, ಇಲ್ಲವಾದರೆ ಈ ಸಲ ರಕ್ತದ ಬದಲು ಚರ್ಮದ ಚೂರು ಕಳಿಸಬಹುದು. ಆ ಮಗು ಈಗ ಹದಿನೆಂಟು ದಾಟಿದ್ದರೆ ಮಕ್ಕಳ ವಿಭಾಗದವರು ನೋಡುವುದಿಲ್ಲ. ಜೆನೆಟಿಕ್ಸ್‌ನವರು ವಯಸ್ಸು ಕೇಳದೆ ನೋಡುತ್ತಾರೆ.