ಅಂಗ ಹೊತ್ತ ವಾಹನಕ್ಕೆ ದಾರಿ: ಕಾನೂನು ಎಲ್ಲಿಯವರೆಗೆ ಬಂದಿದೆ?

ದೇಹದಿಂದ ತೆಗೆದ ಹೃದಯ ನಾಲ್ಕರಿಂದ ಆರು ಗಂಟೆಯೊಳಗೆ ಇನ್ನೊಂದು ಎದೆ ಸೇರಬೇಕು. ಯಕೃತ್ತು ಸುಮಾರು 12 ಗಂಟೆ ತಾಳುತ್ತದೆ, ಮೂತ್ರಪಿಂಡ ಒಂದು ದಿನ ಅಥವಾ ತುಸು ಹೆಚ್ಚು. ಹೀಗೆ ಗಡಿಯಾರದ ಮೇಲೆಯೇ ನಿಂತಿರುವ ಚಿಕಿತ್ಸೆಗೆ ನಮ್ಮಲ್ಲಿ ಬಂದ ಮೊದಲ ರಾಷ್ಟ್ರೀಯ ಕಾನೂನು, 1994ರ ಮಾನವ ಅಂಗಾಂಗ ಕಸಿ ಕಾಯ್ದೆ, ರಸ್ತೆಯ ಕಡೆ ನೋಡಲಿಲ್ಲ. ಮಿದುಳು ಸಾವಿಗೆ ಮಾನ್ಯತೆ ಕೊಡುವುದು, ಮೂತ್ರಪಿಂಡದ ವ್ಯಾಪಾರ ತಡೆಯುವುದು ಅಂದಿನ ತುರ್ತಾಗಿತ್ತು. 2014ರ ನಿಯಮಗಳು ಸಾಗಣೆಯ ವೆಚ್ಚ ದಾನಿಯ ಕುಟುಂಬದ ಮೇಲೆ ಬೀಳಬಾರದೆಂದವು, ಅಷ್ಟೆ.

ದಾರಿ ಬಿಡುವ ಮಾತು ಇರುವುದು ಮೋಟಾರು ವಾಹನ ಕಾನೂನಿನಲ್ಲಿ. ಅಗ್ನಿಶಾಮಕ ವಾಹನ ಅಥವಾ ಆಂಬುಲೆನ್ಸ್ ಬಂದರೆ ಬದಿಗೆ ಸರಿಯಿರಿ ಎಂದು 1989ರ ರಸ್ತೆ ನಿಯಮಗಳು ಹೇಳಿದವು. 2017ರ ಚಾಲನಾ ನಿಬಂಧನೆಗಳು ಇನ್ನೂ ಮುಂದೆ ಹೋಗಿ, ಜೀವ ಉಳಿಸುವ ತುರ್ತಿದ್ದಾಗ ಇಂಥ ವಾಹನಗಳು ಎಚ್ಚರಿಕೆಯಿಂದ ಕೆಂಪು ದೀಪ ದಾಟಬಹುದು, ವೇಗಮಿತಿ ಮೀರಬಹುದು ಎಂದವು. ಆದರೆ ಆಂಬುಲೆನ್ಸ್ ಎಂದರೇನು? ರಾಷ್ಟ್ರೀಯ ಆಂಬುಲೆನ್ಸ್ ಸಂಹಿತೆಯ ಎ, ಬಿ, ಸಿ, ಡಿ ಎಂಬ ನಾಲ್ಕೂ ಬಗೆಗಳು ರೋಗಿಯನ್ನು ಕಣ್ಣಮುಂದೆ ಇಟ್ಟುಕೊಂಡು ರೂಪಿಸಿದವು. ರೋಗಿಯಿಲ್ಲದೆ ಮಂಜುಗಡ್ಡೆಯ ಪೆಟ್ಟಿಗೆಯನ್ನಷ್ಟೇ ಹೊತ್ತ ಆಸ್ಪತ್ರೆಯ ಕಾರು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇಂಥ ಗೊಂದಲ ಬ್ರಿಟನ್ನನ್ನೂ ಕಾಡಿತ್ತು. ಅಲ್ಲಿನ 1989ರ ವಾಹನ ದೀಪ ನಿಯಮಗಳು ಕಸಿಗಾಗಿ ಮಾನವ ಅಂಗಾಂಶ ಒಯ್ಯುವ ವಾಹನವನ್ನು ಹೆಸರಿಸಿಯೇ ತುರ್ತು ವಾಹನದ ಪಟ್ಟಿಗೆ ಸೇರಿಸಿದ್ದವು. ಆದರೂ ಲೀಡ್ಸ್‌ನಿಂದ ಕೇಂಬ್ರಿಜ್‌ಗೆ ಯಕೃತ್ತು ಒಯ್ಯುತ್ತಿದ್ದ ಆಂಬುಲೆನ್ಸ್ ಚಾಲಕನ ಮೇಲೆ ಅತಿವೇಗದ ಮೊಕದ್ದಮೆ ಬಿತ್ತು. 2003ರಲ್ಲಿ ಅದನ್ನು ಕೈಬಿಡಲಾಯಿತು. ಅಮೆರಿಕದಲ್ಲಿ ಇದು ರಾಜ್ಯಗಳ ಕೆಲಸ. ತುರ್ತಾಗಿ ರಕ್ತ, ಅಂಗ ತಲುಪಿಸುವ ರಕ್ತನಿಧಿ, ಅಂಗಾಂಶ ನಿಧಿಗಳ ವಾಹನವನ್ನು ಟೆಕ್ಸಾಸ್ ತನ್ನ ಸಾರಿಗೆ ಸಂಹಿತೆಯ ವ್ಯಾಖ್ಯೆಯೊಳಗೇ ತಂದಿದೆ.

ನಮ್ಮಲ್ಲಿ ಕಾನೂನಿಗಿಂತ ಮೊದಲು ಪೊಲೀಸರು ದಾರಿ ಮಾಡಿದರು. 2008ರಲ್ಲಿ ಚೆನ್ನೈನಲ್ಲಿ ಬಾಲಕನೊಬ್ಬನ ಹೃದಯಕ್ಕಾಗಿ ರಸ್ತೆ ತೆರವಾಯಿತು. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಗೇರಿಯಿಂದ ಹೊರಟ ಹೃದಯ ವಿಮಾನವೇರಿ ಚೆನ್ನೈ ಸೇರಿತು. ‘ಜೀರೊ ಟ್ರಾಫಿಕ್’ ಅಲ್ಲಿಂದಾಚೆ ಮನೆಮಾತು. 2020ರ ಫೆಬ್ರುವರಿಯಲ್ಲಿ ಹಸುಗೂಸೊಂದನ್ನು ಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿಗೆ ಕರೆತಂದಾಗ ಊರೂರಿನ ಯುವಕರು ರಸ್ತೆಗಿಳಿದು ವಾಹನಗಳನ್ನು ತಡೆದು ನಿಂತಿದ್ದರು. ಆ ಔದಾರ್ಯ ದೊಡ್ಡದು. ಆದರೆ ಔದಾರ್ಯವನ್ನೇ ವ್ಯವಸ್ಥೆ ಎಂದುಕೊಂಡರೆ ತಪ್ಪಾಗುತ್ತದೆ.

2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅಂಗ ಸಾಗಣೆಗೆ ಕಾರ್ಯವಿಧಾನ ಪ್ರಕಟಿಸಿತು: ವಿಮಾನಕ್ಕೆ ಆದ್ಯತೆ, ಮೆಟ್ರೊದಲ್ಲಿ ಭದ್ರತಾ ಸಿಬ್ಬಂದಿಯ ಜೊತೆ, ಪ್ರತಿ ರಾಜ್ಯ ಅಥವಾ ನಗರಕ್ಕೊಬ್ಬ ಪೊಲೀಸ್ ನೋಡಲ್ ಅಧಿಕಾರಿ. 2025ರ ಆಗಸ್ಟ್ 1ರಂದು ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರಕ್ಕೆ ಯಕೃತ್ತು ‘ನಮ್ಮ ಮೆಟ್ರೊ’ದಲ್ಲಿ ಹೋಯಿತು. ಒಳ್ಳೆಯದೇ. ಆದರೆ ಕಾರ್ಯವಿಧಾನ ಮಾರ್ಗದರ್ಶಿಯೇ ಹೊರತು ಕಾನೂನಲ್ಲ, ಮೆಟ್ರೊ ರಾಜಧಾನಿಯ ಸೊತ್ತು.

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಭೂಸನೂರಿನಿಂದ ನೋಡಿದರೆ ಚಿತ್ರ ಬೇರೆ. ಅಲ್ಲಿರುವುದು ಸಕ್ಕರೆ ಕಾರ್ಖಾನೆ; ಕಬ್ಬು ನುರಿಸುವ ಹಂಗಾಮಿನಲ್ಲಿ ರಸ್ತೆ ಟ್ರ್ಯಾಕ್ಟರ್‌ಗಳದ್ದು. ಚೌಕಕ್ಕೊಬ್ಬ ಸಂಚಾರ ಪೊಲೀಸ್ ಇಲ್ಲದ ಇಂಥ ಕಡೆ ಚಾಲಕನಿಗೆ ಗೊತ್ತಿರುವ ನಿಯಮವೇ ಕಾಪಾಡಬೇಕು. ಬೆಂಗಳೂರು ಸುಮಾರು 600 ಕಿ.ಮೀ. ದೂರ. ಹತ್ತಿರದ ಸೊಲ್ಲಾಪುರ ಮಹಾರಾಷ್ಟ್ರದ್ದು, ಅಂಗ ಹಂಚಿಕೆಯಲ್ಲಿ ಪುಣೆಯ ಸಮನ್ವಯ ಕೇಂದ್ರದ ವ್ಯಾಪ್ತಿಗೆ ಸೇರಿದ್ದು. ಕರ್ನಾಟಕ ಚೆನ್ನೈ ಕೇಂದ್ರಿತ ದಕ್ಷಿಣ ವಲಯದಲ್ಲಿದೆ. ಪೆಟ್ಟಿಗೆ ಗಡಿ ದಾಟಿದೊಡನೆ ದಾರಿ ಬಿಡಿಸುವ ಪೊಲೀಸರೂ ಬದಲಾಗುತ್ತಾರೆ.

ಈ ಕೊರತೆ ನೀಗಲು ಹೊಸ ಶಾಸನವೇ ಬೇಕಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 194ಇ ಕಲಮು ದಾರಿ ಬಿಡದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಅಗ್ನಿಶಾಮಕ, ಆಂಬುಲೆನ್ಸ್‌ಗಳ ಜೊತೆಗೆ ‘ರಾಜ್ಯ ಸರ್ಕಾರ ಗೊತ್ತುಪಡಿಸುವ ಇತರ ತುರ್ತು ವಾಹನ’ವೂ ಅದರಲ್ಲಿದೆ. ರಾಜ್ಯದಲ್ಲಿ ಅಂಗ ಹಂಚಿಕೆ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆ ದೃಢಪಡಿಸಿದ ಅಂಗ ಸಾಗಣೆ ವಾಹನವೂ ತುರ್ತು ವಾಹನವೇ ಎಂದು ಕರ್ನಾಟಕ ಸರ್ಕಾರ ಒಂದು ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಬರೆಯಲಿ. ಕಲಬುರಗಿ ಸೇರಿ ಪ್ರತಿ ಜಿಲ್ಲೆಗೂ ನೋಡಲ್ ಅಧಿಕಾರಿಯನ್ನು ನೇಮಿಸಲಿ, ಸೊಲ್ಲಾಪುರದ ಪೊಲೀಸರೊಡನೆ ಮೊದಲೇ ಒಪ್ಪಂದ ಮಾಡಿಕೊಳ್ಳಲಿ.